ಸಿಸ್ಟರ್ ಆಗೋದು ಅಂದ್ರೆ ಎಂತ ಬಿಡೋದು? ಮಂಗಳೂರಿನ ಕಾನ್ವೆಂಟ್ ಬದುಕಿನ ಒಳಲೆಕ್ಕ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ನೀವು ಬಸ್ಸಿನ ಕಿಟಕಿ ಪಕ್ಕ ಕೂತು ಕೇಳ್ತಿದ್ದೀರೋ, ರಾತ್ರಿ ಲೈಟ್ ಆಫ್ ಮಾಡಿ ಮಲಗಿಕೊಂಡು ಕೇಳ್ತಿದ್ದೀರೋ ನನಗೆ ಗೊತ್ತಿಲ್ಲ. ಇವತ್ತಿನ ಮಾತನ್ನು ಒಂದು ವಾಟ್ಸ್‌ಆ್ಯಪ್ ಮೆಸೇಜಿನಿಂದ ಶುರು ಮಾಡ್ತೇನೆ.

ಕಳೆದ ಜೂನ್‌ನಲ್ಲಿ ನಮ್ಮ ಕಾಲೇಜ್ ಗ್ರೂಪಿಗೆ ಒಬ್ಬಳು ಗೆಳತಿ ಬರೆದಳು: "ನಾಳೆಯಿಂದ ಫೋನ್ ಇರುವುದಿಲ್ಲ. ಕುಸ್ವಾರ್ ಮಾತ್ರ ಈ ಸಲ ಅಮ್ಮನ ಹತ್ತಿರ ಕೇಳಿ ತಗೊಳ್ಳಿ." ಒಂದು ಗಂಟೆಯ ನಂತರ ಗ್ರೂಪಿನಿಂದ ಹೊರಗೆ ಹೋದಳು. ಬಿ.ಕಾಂ. ಮಾಡಿ, ಬೆಂಗಳೂರಿನ ಒಂದು ಆಡಿಟ್ ಆಫೀಸಿನಲ್ಲಿ ಎರಡು ವರ್ಷ ದುಡಿದವಳು. ಸ್ಕೂಟರ್ ತಮ್ಮನಿಗೆ ಕೊಟ್ಟು ಕಾನ್ವೆಂಟ್ ಸೇರಿದಳು, ಸಿಸ್ಟರ್ ಆಗಲಿಕ್ಕೆ.

ಕ್ರಿಸ್ಮಸ್‌ಗೆ ಕುಸ್ವಾರ್ ತರಲು ನಾನು ಅವರ ಮನೆಗೆ ಹೋದೆ. ಆಂಟಿ ಕಿಡಿಯೊ, ನೆವ್ರ್ಯೊ ಎಲ್ಲ ಡಬ್ಬಿಗೆ ತುಂಬಿಸುತ್ತಾ ಕೇಳಿದರು: "ನೀನು ಆ ಮೊಬೈಲ್ ರೇಡಿಯೊದಲ್ಲಿ ಎಲ್ಲರಿಗೂ ಎಲ್ಲವನ್ನೂ ವಿವರಿಸ್ತೀಯಲ್ಲ, ನನಗೆ ಇದೊಂದು ವಿವರಿಸು. ಮಗಳು ದೇವರ ಸೇವೆಗೆ ಹೋದಳು ಅಂತ ಊರೆಲ್ಲ ನನಗೆ ಕೈ ಕುಲುಕ್ತಾರೆ. ನಾಳೆ ನಾನು ಹಾಸಿಗೆ ಹಿಡಿದ್ರೆ ಅವಳು ಬರ್ತಾಳಾ, ಇಲ್ವಾ?"

ನನಗೆ ಉತ್ತರ ಗೊತ್ತಿರಲಿಲ್ಲ. ನಾನು ಕ್ರೈಸ್ತಳಲ್ಲ, ನಮ್ಮದು ತುಳು ಮಾತಾಡುವ ಮನೆ. ಆದರೆ ಸಿಸ್ಟರ್‌ಗಳ ಶಾಲೆಯಲ್ಲಿ ಹತ್ತು ವರ್ಷ ಓದಿದವಳು. ಹಾಗಾಗಿ ನನಗೆ ಗಣಿತ ಕಲಿಸಿದ ಸಿಸ್ಟರ್ ಒಬ್ಬರನ್ನು ಹುಡುಕಿಕೊಂಡು ಹೋದೆ. ಈಗ ಅವರಿಗೆ ಎಪ್ಪತ್ತು ದಾಟಿದೆ, ರಿಟೈರ್ ಆಗಿದ್ದಾರೆ. ಅವರ ಹೆಸರು, ಅವರ ಸಭೆಯ ಹೆಸರು ಇಲ್ಲಿ ಹೇಳುವುದಿಲ್ಲ. ಅವರು ಹೇಳಿದ್ದನ್ನು ಮತ್ತು ನಾನು ಓದಿ ತಿಳಿದದ್ದನ್ನು ಸೇರಿಸಿ ಹೇಳ್ತೇನೆ.

ಮೊದಲು ನಮ್ಮ ಊರನ್ನೇ ನೋಡೋಣ. ಮಂಗಳೂರಿನಲ್ಲಿ ಬಸ್ಸಿನಲ್ಲಿ ಹೋಗುವಾಗ ನಾವು ಸ್ಟಾಪ್ ಅಂತ ಹೇಳುವ ಹೆಸರುಗಳಲ್ಲಿ ಅರ್ಧ ಇಂಥ ಸಮುದಾಯಗಳ ಹೆಸರೇ. 1870ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು ಫ್ರಾನ್ಸಿನಿಂದ ಇಲ್ಲಿಗೆ ಬಂದರು. ಸಂತ ಆ್ಯನ್ಸ್ ಶಾಲೆ ಅವರದ್ದು, 1921ರಲ್ಲಿ ಶುರುವಾದ ಸಂತ ಆಗ್ನೆಸ್ ಕಾಲೇಜೂ ಅವರದ್ದೇ. ಜೆಸ್ವಿಟರು 1878ರ ಡಿಸೆಂಬರ್ 31ಕ್ಕೆ ಬಂದರು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದರು. ಅದೇ 1880ರಲ್ಲಿ ಕಂಕನಾಡಿಯಲ್ಲಿ ಜರ್ಮನಿಯ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ ಬಡವರಿಗೆ ಹೋಮಿಯೋಪಥಿ ಮದ್ದು ಕೊಡಲು ಶುರು ಮಾಡಿದರು, ಇವತ್ತಿನ ಫಾದರ್ ಮುಲ್ಲರ್ ಆಸ್ಪತ್ರೆ ಬೆಳೆದದ್ದು ಅಲ್ಲಿಂದ. ಬೆಂದೂರಿನ ಬೆಥನಿ ಸಿಸ್ಟರ್‌ಗಳ ಸಭೆ ಮಾತ್ರ ಹೊರದೇಶದಿಂದ ಬಂದದ್ದಲ್ಲ. 1921ರಲ್ಲಿ ರೇಮಂಡ್ ಮಸ್ಕರೇನ್ಹಸ್ ಎಂಬ ನಮ್ಮೂರಿನ ಪಾದ್ರಿ ಸ್ಥಾಪಿಸಿದ್ದು.

ಶಾಲೆ, ಆಸ್ಪತ್ರೆ ನಮಗೆ ಕಾಣ್ತದೆ. ಅದರ ಹಿಂದಿನ ಮನೆ ಕಾಣುವುದಿಲ್ಲ. ಆ ಮನೆಯೇ ಮುಖ್ಯ, ಕೆಲಸ ಆಮೇಲೆ ಅಂತ ಸಿಸ್ಟರ್ ಹೇಳಿದರು. "ನಾನು ಟೀಚರ್ ಆಗಲಿಕ್ಕೆ ಸೇರಿದ್ದಲ್ಲ ಮಗಾ. ಟೀಚರ್ ಆಗು ಅಂದ್ರು, ಆದೆ. ಆಸ್ಪತ್ರೆಗೆ ಹೋಗು ಅಂದಿದ್ರೆ ನರ್ಸ್ ಆಗ್ತಿದ್ದೆ."

ಇಲ್ಲಿ ಒಂದು ಗೊಂದಲ ಸರಿ ಮಾಡಿಕೊಳ್ಳೋಣ. ಚರ್ಚಿನಲ್ಲಿ ಪೂಜೆ ಮಾಡುವ ಎಲ್ಲ ಫಾದರ್‌ಗಳೂ ಇಂಥ ಸಮುದಾಯದವರಲ್ಲ. ಬಿಷಪರ ಕೆಳಗೆ ಧರ್ಮಪ್ರಾಂತ್ಯದ ಕೆಲಸ ಮಾಡುವ ಪಾದ್ರಿಗಳು ಮದುವೆಯಾಗುವುದಿಲ್ಲ, ಬಿಷಪರ ಮಾತು ಕೇಳ್ತೇನೆ ಅಂತ ಮಾತು ಕೊಡ್ತಾರೆ. ಆದರೆ ಬಡತನದ ವ್ರತ ತೆಗೆದುಕೊಳ್ಳುವುದಿಲ್ಲ. ಸ್ವಂತ ಬೈಕ್, ಬ್ಯಾಂಕ್ ಖಾತೆ ಇಟ್ಟುಕೊಳ್ಳಬಹುದು. ಜೆಸ್ವಿಟರು, ಕಪುಚಿನ್ನರು, ಕಾರ್ಮೆಲಿತರು, ಸಿಸ್ಟರ್‌ಗಳು, ಪಾದ್ರಿಯಾಗದೆ ಬ್ರದರ್ ಆಗಿಯೇ ಉಳಿಯುವವರು, ಇವರೆಲ್ಲ ಮೂರು ವ್ರತ ತೆಗೆದುಕೊಂಡು ಒಟ್ಟಿಗೆ ಬದುಕುವವರು. ಇನ್ನು ಬಲ್ಮಠದ ಬಾಸೆಲ್ ಮಿಷನ್ ಪ್ರಾಟೆಸ್ಟೆಂಟರದ್ದು. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನ್ನಿನಲ್ಲಿ ಈ ವ್ರತಗಳಿರಲಿಲ್ಲ, ಪಾದ್ರಿಗಳಿಗೆ ಹೆಂಡತಿ ಮಕ್ಕಳಿರುತ್ತಿದ್ದರು.

ಮೂರು ವ್ರತ ಯಾವುದು? ಬಡತನ, ಬ್ರಹ್ಮಚರ್ಯ, ವಿಧೇಯತೆ. ಒಂದೊಂದಾಗಿ ನೋಡೋಣ.

ಬಡತನ ಅಂದ ಕೂಡಲೇ ನಾವು ಹಸಿವು, ಹರಿದ ಬಟ್ಟೆ ಅಂದುಕೊಳ್ತೇವೆ. ಕಾನ್ವೆಂಟಿನಲ್ಲಿ ಮಧ್ಯಾಹ್ನ ಊಟಕ್ಕೆ ಕುಚ್ಚಲಕ್ಕಿ ಅನ್ನ, ಮೀನು ಸಾರು ಇತ್ತು, ನಾನೂ ಉಂಡೆ. "ಇದು ಬಡತನವಾ ಸಿಸ್ಟರ್?" ಅಂತ ಕೇಳಿಯೇ ಬಿಟ್ಟೆ. ಅವರು ನಕ್ಕು ಒಂದು ನೋಟ್‌ಬುಕ್ ತಂದು ತೋರಿಸಿದರು. ಬಸ್ಸಿಗೆ ಇಷ್ಟು, ಮಾತ್ರೆಗೆ ಇಷ್ಟು, ಚಪ್ಪಲಿ ಹೊಲಿಸಿದ್ದಕ್ಕೆ ಇಷ್ಟು. ಸ್ಟೇಟ್ ಬ್ಯಾಂಕ್ ಸ್ಟಾಂಡಿಗೆ ಹೋಗಿ ಬರುವುದಿದ್ದರೂ ಹಣ ನೋಡಿಕೊಳ್ಳುವ ಸಿಸ್ಟರ್ ಹತ್ತಿರ ಕೇಳಿ ತಗೊಳ್ಳಬೇಕು, ಬಂದು ಲೆಕ್ಕ ಬರೆಯಬೇಕು, ಚಿಲ್ಲರೆ ವಾಪಸ್ ಕೊಡಬೇಕು. ಅನುದಾನಿತ ಶಾಲೆಯಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ಕಲಿಸಿದ್ದಾರೆ. ಆ ಸಂಬಳ ಎಲ್ಲ ಸಮುದಾಯದ ಖಾತೆಗೆ ಹೋಯಿತು. ಈಗಿನ ಪೆನ್ಶನ್ನೂ ಹಾಗೆಯೇ. ಅದೇ ಹಣದಲ್ಲಿ ಅಡುಗೆ ಮನೆ ನೋಡಿಕೊಳ್ಳುವ, ಸಂಬಳವೇ ಇಲ್ಲದ ಸಿಸ್ಟರ್‌ಗೂ ಮದ್ದು ಬರ್ತದೆ. ಹಾಸಿಗೆ ಹಿಡಿದ ತೊಂಬತ್ತರ ಸಿಸ್ಟರ್‌ಗೂ ಬರ್ತದೆ.

ಇದರ ಬೇರು ಬೈಬಲ್‌ನ ಪ್ರೇಷಿತರ ಕಾರ್ಯಕಲಾಪಗಳು ಎಂಬ ಪುಸ್ತಕದಲ್ಲಿ ಉಂಟು. ಮೊದಲ ಕ್ರೈಸ್ತರು ಆಸ್ತಿ ಮಾರಿ, ಬಂದದ್ದನ್ನು ಒಟ್ಟಿಗೆ ಇಟ್ಟು, ಬೇಕಾದವರಿಗೆ ಬೇಕಾದಷ್ಟು ಹಂಚಿಕೊಂಡರು ಅಂತ ಅಲ್ಲಿ ಬರ್ತದೆ. ಆರನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ಮಠಗಳಿಗೆ ನಿಯಮ ಬರೆದಾಗ, ಒಬ್ಬ ಸನ್ಯಾಸಿ ಬರೆಯುವ ಲೇಖನಿಯನ್ನೂ ನನ್ನದು ಅನ್ನಬಾರದು ಅಂತ ಸೇರಿಸಿದರು. ನಮ್ಮ ಕಾಲಕ್ಕೆ ಅದನ್ನು ಮೊಬೈಲ್ ಅಂತ ಓದಿಕೊಳ್ಳಬಹುದು. ಸಿಸ್ಟರ್ ಹತ್ತಿರ ಸ್ಮಾರ್ಟ್‌ಫೋನ್ ಉಂಟು, ಅದೂ ಸಮುದಾಯದ್ದೇ. "ಟ್ರಾನ್ಸ್‌ಫರ್ ಆದ್ರೆ ಇಟ್ಟು ಹೋಗು ಅಂದ್ರೆ ಇಟ್ಟು ಹೋಗ್ತೇನೆ," ಅಂದರು.

ಈ ವ್ರತ ನಮ್ಮ ದೇಶದ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ ಗೊತ್ತುಂಟಾ? ಅನುದಾನಿತ ಶಾಲೆಗಳಲ್ಲಿ ಕಲಿಸುವ ಸಿಸ್ಟರ್, ಫಾದರ್‌ಗಳ ಸಂಬಳದಿಂದ ಟಿಡಿಎಸ್ ಕಡಿಯಬೇಕಾ ಎಂಬ ಪ್ರಶ್ನೆ. ನಾವು ಬಡತನದ ವ್ರತ ತೆಗೆದುಕೊಂಡವರು, ಸಂಬಳ ನಮ್ಮ ಕೈಯಲ್ಲಿ ಉಳಿಯುವುದೇ ಇಲ್ಲ, ಸಭೆಗೆ ಹೋಗ್ತದೆ, ಚರ್ಚಿನ ಕಾನೂನಿನ ಪ್ರಕಾರ ನಮ್ಮದು ಲೌಕಿಕ ಮರಣ ಇದ್ದ ಹಾಗೆ ಅಂತ ಅವರ ಕಡೆಯ ವಾದ. ಮದ್ರಾಸ್ ಹೈಕೋರ್ಟ್ 2019ರಲ್ಲಿ ಅದನ್ನು ಒಪ್ಪಲಿಲ್ಲ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಮೇಲ್ಮನವಿಗಳನ್ನು ವಜಾ ಮಾಡಿತು. ಸಂಬಳ ಬರುವುದು ವ್ಯಕ್ತಿಯ ಹೆಸರಿಗೆ, ಆಮೇಲೆ ಅದನ್ನು ಯಾರಿಗೆ ಕೊಟ್ಟರು ಎಂಬುದು ತೆರಿಗೆಗೆ ಸಂಬಂಧ ಇಲ್ಲ ಅಂತ. ಅಂದರೆ ಸರ್ಕಾರದ ಲೆಕ್ಕದಲ್ಲಿ ಸಿಸ್ಟರ್ ಒಬ್ಬ ನೌಕರಳು. ಅವರ ಲೆಕ್ಕದಲ್ಲಿ ಅವರು ಒಂದು ಮನೆಯ ಭಾಗ.

ಎರಡನೆಯದು ಬ್ರಹ್ಮಚರ್ಯ. ಮದುವೆ ಇಲ್ಲ, ಮಕ್ಕಳಿಲ್ಲ, ಇದು ಎಲ್ಲರಿಗೂ ಗೊತ್ತು. ನನಗೆ ಗೊತ್ತಿಲ್ಲದ್ದು ಇದರ ಇನ್ನೊಂದು ಮುಖ. ಒಬ್ಬರಿಗೆ ಮಾತ್ರ ಸೇರಿದವಳಾಗಿರಬಾರದು ಎಂಬುದು ಸ್ನೇಹಕ್ಕೂ ಅನ್ವಯಿಸ್ತದೆ. ಹಳೆ ಕಾಲದಲ್ಲಿ ಇಬ್ಬರೇ ಯಾವಾಗಲೂ ಒಟ್ಟಿಗೆ ಮಾತಾಡುವುದನ್ನೂ ತಡೆಯುತ್ತಿದ್ದರಂತೆ. "ಆ ಭಯ ಈಗ ಕಮ್ಮಿ," ಅಂದರು ಸಿಸ್ಟರ್. "ಗೆಳತಿಯರು ಬೇಕು. ಇಲ್ಲದಿದ್ರೆ ಮನುಷ್ಯ ಒಣಗಿ ಹೋಗ್ತಾನೆ. ಕೆಲವರು ಒಣಗಿದ್ದನ್ನು ನಾನು ನೋಡಿದ್ದೇನೆ." ಒಂಟಿತನ ಆಗಿದ್ದುಂಟಾ ಅಂತ ಕೇಳಿದೆ. ನಲವತ್ತರ ವಯಸ್ಸಿನಲ್ಲಿ ತುಂಬ ಆಗಿತ್ತಂತೆ, ಶಾಲೆಗೆ ತಾಯಂದಿರು ಮಕ್ಕಳ ಕೈ ಹಿಡಿದುಕೊಂಡು ಬರುವಾಗ. ಅದಕ್ಕಿಂತ ಹೆಚ್ಚು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೂರನೆಯದು ವಿಧೇಯತೆ. ಆಂಟಿಯ ಪ್ರಶ್ನೆ ಇರುವುದು ಇಲ್ಲಿಯೇ.

ಸಂತ ಅಲೋಶಿಯಸ್ ಚಾಪೆಲ್ ನೋಡಿದ್ದೀರಲ್ಲ? ಗೋಡೆ, ಚಾವಣಿ ತುಂಬ ಚಿತ್ರ. ನಾವೆಲ್ಲ ಒಮ್ಮೆಯಾದರೂ ಅಲ್ಲಿ ಫೋಟೊ ತೆಗೆದವರೇ. ಅದನ್ನು ಬಿಡಿಸಿದವರು ಆಂಟೋನಿಯೊ ಮೊಸ್ಕೇನಿ, ಇಟಲಿಯ ಬೆರ್ಗಾಮೊ ಕಡೆಯವರು. ಕಲೆ ಕಲಿತು, ಆಮೇಲೆ ಜೆಸ್ವಿಟ್ ಬ್ರದರ್ ಆದವರು. ಮಂಗಳೂರಿಗೆ ಹೋಗು ಅಂತ ಕಳಿಸಿದರು, ಬಂದರು. 1899ರ ಹೊತ್ತಿಗೆ ಶುರು ಮಾಡಿ ಎರಡು ವರ್ಷಕ್ಕೂ ಹೆಚ್ಚು ಕಾಲ ಬಿಡಿಸಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, ಇಟಲಿಗೆ ವಾಪಸ್ ಹೋಗಲೇ ಇಲ್ಲ. ವಿಧೇಯತೆಯ ಚಂದದ ಮುಖ ಇದು. ತಾನಾಗಿ ಎಂದೂ ಆರಿಸಿಕೊಳ್ಳದ ಊರಿನಲ್ಲಿ ಒಬ್ಬ ಮನುಷ್ಯ ತನ್ನ ದೊಡ್ಡ ಕೆಲಸ ಮಾಡಿದ.

ಇನ್ನೊಂದು ಮುಖವೂ ಇದೇ ಊರಿನಲ್ಲಿ ಉಂಟು. ಪ್ಯಾಲೆಸ್ಟೀನ್‌ನಲ್ಲಿ ಹುಟ್ಟಿದ ಮರಿಯಂ ಬವಾರ್ದಿ ಎಂಬ ಯುವತಿ 1870ರಲ್ಲಿ ಫ್ರಾನ್ಸಿನ ಪೋ ನಗರದ ಕಾರ್ಮೆಲ್ ಮಠದಿಂದ, ಹೊಸ ಮಠ ಶುರು ಮಾಡುವ ತಂಡದ ಜೊತೆ ಮಂಗಳೂರಿಗೆ ಬಂದರು. ಇದು ಶಾಲೆ ನಡೆಸುವವರ ಮಠವಲ್ಲ, ಗೋಡೆಯೊಳಗೆ ಪ್ರಾರ್ಥನೆಯಲ್ಲೇ ಇರುವವರದ್ದು. 1871ರ ನವೆಂಬರ್‌ನಲ್ಲಿ ಇಲ್ಲಿಯೇ ವ್ರತ ತೆಗೆದುಕೊಂಡರು. ಆದರೆ ಅವರಿಗೆ ಆಗುತ್ತಿದ್ದ ಆಧ್ಯಾತ್ಮಿಕ ಅನುಭವಗಳ ಬಗ್ಗೆ ಇಲ್ಲಿಯ ಹಿರಿಯರಿಗೆ ಅನುಮಾನ ಬಂತು. 1872ರಲ್ಲಿ ಅವರನ್ನು ಫ್ರಾನ್ಸಿಗೆ ವಾಪಸ್ ಕಳಿಸಿದರು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ತಪ್ಪು ತಿಳಿದುಕೊಂಡವರೂ ವ್ರತದವರೇ, ಒಳ್ಳೆಯ ಮನಸ್ಸಿನವರೇ ಇದ್ದಿರಬಹುದು. ಮೇಲಿನವರ ತೀರ್ಮಾನ ಯಾವಾಗಲೂ ಸರಿ ಇರ್ತದೆ ಅಂತ ವಿಧೇಯತೆ ಗ್ಯಾರಂಟಿ ಕೊಡುವುದಿಲ್ಲ.

ನಮ್ಮ ಸಿಸ್ಟರ್‌ಗೂ ಇಂಥದೊಂದು ಆಗಿದೆ. ಅವರು ಪ್ರಾಯದಲ್ಲಿದ್ದಾಗ ಉತ್ತರ ಭಾರತದ ಒಂದು ಹಳ್ಳಿಗೆ ಟ್ರಾನ್ಸ್‌ಫರ್ ಪತ್ರ ಬಂತು. ಆಗ ಅಪ್ಪನಿಗೆ ಹುಷಾರಿರಲಿಲ್ಲ. ಎರಡು ತಿಂಗಳು ಬಿಟ್ಟು ಹೋಗ್ತೇನೆ ಅಂತ ಕೇಳಿದರು, ಆಗುವುದಿಲ್ಲ ಅಂದರು. ಹೋದರು. ಅಪ್ಪ ತೀರಿಕೊಂಡ ಟೆಲಿಗ್ರಾಂ ಸಿಕ್ಕಿ, ರೈಲು ಹತ್ತಿ ಊರಿಗೆ ಮುಟ್ಟುವಾಗ ಮಣ್ಣು ಮಾಡಿ ಎರಡು ದಿನ ಆಗಿತ್ತು.

"ನೀವು ಆ ಸುಪೀರಿಯರನ್ನು ಕ್ಷಮಿಸಿದ್ರಾ?" ಅಂತ ಕೇಳಿದೆ.

"ಕ್ಷಮಿಸಿದ್ದೇನೆ. ಆದ್ರೆ ಅದು ಸರಿ ಇತ್ತು ಅಂತ ಇವತ್ತಿಗೂ ಹೇಳುವುದಿಲ್ಲ. ಆಮೇಲೆ ನಾನೇ ಆರು ವರ್ಷ ಸುಪೀರಿಯರ್ ಆಗಿದ್ದೆ. ಯಾರದಾದ್ರೂ ಮನೆಯಿಂದ ಹುಷಾರಿಲ್ಲ ಅಂತ ಫೋನ್ ಬಂದ್ರೆ ಮೊದಲು ಬಸ್ಸಿನ ಹಣ ಕೊಡ್ತಿದ್ದೆ, ಪರ್ಮಿಷನ್ ಪತ್ರ ಆಮೇಲೆ ಬರೀತಿದ್ದೆ."

ಈ ಮಾತು ಕೇಳಿದ ಮೇಲೆ ನಾನು ಚರ್ಚಿನ ಕಾನೂನು ಪುಸ್ತಕದಲ್ಲಿ ಹುಡುಕಿದೆ. ಈಗ ನಡೆಯುವುದು 1983ರ ಸಂಹಿತೆ. ಅದರಲ್ಲಿ ಸುಪೀರಿಯರ್‌ಗೆ ಇರುವ ಅಧಿಕಾರಕ್ಕೆ ಗಡಿ ಉಂಟು. ಸಭೆಯ ಸಂವಿಧಾನದ ಪ್ರಕಾರ ಕೊಟ್ಟ ಆಜ್ಞೆಗೆ ಮಾತ್ರ ವಿಧೇಯತೆ. ಅಧಿಕಾರವನ್ನು ಸೇವೆಯ ಮನಸ್ಸಿನಿಂದ ಬಳಸಬೇಕು, ಸದಸ್ಯರ ಮಾತು ಕೇಳಬೇಕು. ನಿನ್ನ ಮನಸ್ಸಿನ ಗುಟ್ಟನ್ನೆಲ್ಲ ನನಗೆ ಬಿಚ್ಚಿ ಹೇಳು ಅಂತ ಸುಪೀರಿಯರ್ ಒತ್ತಾಯ ಮಾಡುವ ಹಾಗಿಲ್ಲ. ಬೆನೆಡಿಕ್ಟ್ ನಿಯಮದಲ್ಲಿ ನನಗೆ ಇಷ್ಟವಾದ ಒಂದು ಮಾತು ಉಂಟು: ದೊಡ್ಡ ವಿಷಯ ಬಂದಾಗ ಮಠದ ಎಲ್ಲರನ್ನೂ ಕರೆದು ಕೇಳಬೇಕು, ಯಾಕಂದರೆ ಒಳ್ಳೆಯದು ಯಾವುದು ಅಂತ ದೇವರು ಎಷ್ಟೋ ಸಲ ಕಿರಿಯರಿಗೆ ತೋರಿಸಿಕೊಡ್ತಾನೆ.

ಕಾಗದದ ಮೇಲೆ ಇದ್ದದ್ದೆಲ್ಲ ನಡೆಯುವುದಿಲ್ಲ ಅಂತ ನಮಗೂ ಗೊತ್ತು. ವಿಧೇಯತೆಯ ಹೆಸರಲ್ಲಿ ಬಾಯಿ ಮುಚ್ಚಿಸಿದ್ದು, ದುರುಪಯೋಗ ಮುಚ್ಚಿಟ್ಟದ್ದು ಜಗತ್ತಿನ ಹಲವು ಕಡೆ ಆಗಿದೆ. ಪಾದ್ರಿಗಳು, ಬಿಷಪರು ಸಿಸ್ಟರ್‌ಗಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದುಂಟು ಅಂತ 2019ರ ಫೆಬ್ರವರಿಯಲ್ಲಿ ಪೋಪ್ ಫ್ರಾನ್ಸಿಸ್ ಅವರೇ ಪತ್ರಕರ್ತರ ಮುಂದೆ ಒಪ್ಪಿಕೊಂಡರು. ಹಾಗಾಗಿ ಮಗಳನ್ನು ಕಳಿಸಿದ ತಾಯಿ ಪ್ರಶ್ನೆ ಕೇಳಿದರೆ ಅದನ್ನು ನಂಬಿಕೆ ಕಮ್ಮಿ ಅಂತ ಹೇಳಬಾರದು.

ಮೂರು ವ್ರತ ಆಯಿತು. ಇವು ಮೂರೂ ನಿಂತಿರುವುದು ನಾಲ್ಕನೆಯ ಒಂದು ಸಂಗತಿಯ ಮೇಲೆ: ಒಟ್ಟಿಗೆ ಬದುಕುವುದು. ನೀವು ಪಿ.ಜಿ.ಯಲ್ಲಿ ಇದ್ದಿದ್ದರೆ ಸ್ವಲ್ಪ ಅಂದಾಜಾಗ್ತದೆ. ವ್ಯತ್ಯಾಸ ಏನೆಂದರೆ ಇಲ್ಲಿ ರೂಮ್‌ಮೇಟ್ ಇಷ್ಟ ಇಲ್ಲ ಅಂತ ಪಿ.ಜಿ. ಬದಲಿಸುವ ಹಾಗಿಲ್ಲ. ಒಂದೇ ಟೇಬಲ್ಲಿನಲ್ಲಿ ಕೊಂಕಣಿಯವರು, ಕನ್ನಡದವರು, ಮಲಯಾಳಿ, ಜಾರ್ಖಂಡಿನವರು ಇರ್ತಾರೆ. ಒಬ್ಬರಿಗೆ ಸಾರು ಖಾರ ಬೇಕು, ಇನ್ನೊಬ್ಬರಿಗೆ ಅಲ್ಸರ್. ಒಬ್ಬರು ಫ್ಯಾನ್ ಹಾಕ್ತಾರೆ, ಒಬ್ಬರು ಆಫ್ ಮಾಡ್ತಾರೆ. ಬೆಳಿಗ್ಗೆ ಸುಮಾರು ಐದಕ್ಕೆ ಎದ್ದು ಧ್ಯಾನ, ಪ್ರಾರ್ಥನೆ, ಬಲಿಪೂಜೆ. ಹಗಲು ಕೆಲಸ. ಸಂಜೆ ಜಪಸರ, ಊಟ, ಅರ್ಧ ಗಂಟೆ ಎಲ್ಲರೂ ಕೂತು ಮಾತು, ನಗು. ಆ ಅರ್ಧ ಗಂಟೆಯನ್ನೂ ತಪ್ಪಿಸುವ ಹಾಗಿಲ್ಲ. ಮಲಗುವ ಮೊದಲು ಪ್ರಾರ್ಥನೆ, ಆಮೇಲೆ ಮೌನ.

"ಜಗಳ ಆಗ್ತದಾ?"

"ಯಾಕೆ ಆಗುವುದಿಲ್ಲ? ಒಬ್ಬರ ಹತ್ತಿರ ನಾನು ಮೂರು ವಾರ ಮಾತು ಬಿಟ್ಟಿದ್ದೆ. ಕಾರಣ ಎಂತ ಗೊತ್ತುಂಟಾ, ಬಟ್ಟೆ ಒಣಗಿಸುವ ಹಗ್ಗ. ಆದ್ರೆ ದಿನಾ ಬೆಳಿಗ್ಗೆ ಪಕ್ಕದಲ್ಲೇ ನಿಂತು ಪರಲೋಕ ಮಂತ್ರ ಹೇಳ್ಬೇಕಲ್ಲ. ಅದರಲ್ಲಿ ನಾವು ಕ್ಷಮಿಸುವಂತೆ ಕ್ಷಮಿಸು ಅಂತ ಬರ್ತದೆ. ಎಷ್ಟು ದಿನ ಸುಳ್ಳು ಹೇಳೋದು?"

ಆಧ್ಯಾತ್ಮಿಕ ಮೌಲ್ಯ ಅಂತ ಪುಸ್ತಕದಲ್ಲಿ ಬರೆಯುವುದು ಅವರ ಬಾಯಲ್ಲಿ ಬಂದದ್ದು ಹೀಗೆ. ಪ್ರೀತಿ ಅಂದ್ರೆ ಅಲ್ಸರ್ ಇದ್ದವರಿಗೆ ಬೇರೆ ಸಾರು ತೆಗೆದಿಡೋದು. ಬಡತನ ಅಂದ್ರೆ ಚಿಲ್ಲರೆ ವಾಪಸ್ ಕೊಡೋದು. ನಾನು ಇನ್ನೇನೋ ದೊಡ್ಡದು ಹೇಳ್ತಾರೆ ಅಂತ ರೆಕಾರ್ಡರ್ ಹಿಡಿದುಕೊಂಡೇ ಕೂತಿದ್ದೆ.

ಸೇರುವವರಿಗೆ ಯೋಚಿಸಲು ಸಮಯ ಉಂಟಾ? ಉಂಟು. ಮೊದಲು ಕ್ಯಾಂಡಿಡೇಟ್ ಆಗಿ ಇರ್ತಾರೆ, ನನ್ನ ಗೆಳತಿ ಈಗ ಇರುವುದು ಅಲ್ಲಿ. ಆಮೇಲೆ ನೊವಿಶಿಯೇಟ್: ಕನಿಷ್ಠ ಹನ್ನೆರಡು ತಿಂಗಳು, ಅದಕ್ಕೆ ಸೇರಲು 17 ವರ್ಷ ತುಂಬಿರಬೇಕು. ನಂತರ ತಾತ್ಕಾಲಿಕ ವ್ರತ, ಕನಿಷ್ಠ ಮೂರು ವರ್ಷ. ಕೊನೆಗೆ ಜೀವನಪೂರ್ತಿಯ ವ್ರತ, ಅದಕ್ಕೆ 21 ಆಗಿರಲೇಬೇಕು. ನೊವಿಸ್ ಆಗಿರುವವರು ಯಾವಾಗ ಬೇಕಾದರೂ ಹೊರಡಬಹುದು.

ವ್ರತದ ನಂತರವೂ ಹೊರಗೆ ಬರುವ ದಾರಿ ಉಂಟು, ಅನುಮತಿ ಬೇಕು. ಆದರೆ ಇದನ್ನು ಸರಿಯಾಗಿ ಕೇಳಿಕೊಳ್ಳಿ: ಬಿಟ್ಟು ಹೋಗುವವರು ಇಷ್ಟು ವರ್ಷ ದುಡಿದದ್ದಕ್ಕೆ ಸಭೆಯ ಹತ್ತಿರ ಹಣ ಕೇಳುವ ಹಕ್ಕಿಲ್ಲ ಅಂತ ಅದೇ ಸಂಹಿತೆ ಹೇಳ್ತದೆ. ಹೋಗುವವರ ಜೊತೆ ನ್ಯಾಯದಿಂದ, ಪ್ರೀತಿಯಿಂದ ನಡೆದುಕೊಳ್ಳಬೇಕು ಅಂತಲೂ ಹೇಳ್ತದೆ. ಐವತ್ತರ ವಯಸ್ಸಿನಲ್ಲಿ ಹೊರಗೆ ಬಂದವರಿಗೆ ಆ ಪ್ರೀತಿ ಎಷ್ಟು ಸಿಗ್ತದೆ ಎಂಬುದು ಆಯಾ ಸಭೆಯ ಮನಸ್ಸಿನ ಮೇಲೆ ಹೋಗ್ತದೆ. ಸೇರುವ ಮೊದಲು ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು ಅಂತ ನನಗೆ ಅನಿಸ್ತದೆ.

ಕಳೆದ ಭಾನುವಾರ ಆಂಟಿಯ ಮನೆಗೆ ಹೋದೆ. ನಾನು ತಿಳಿದದ್ದನ್ನು ನೇರ ಹೇಳಿದೆ: "ಆಂಟಿ, ಅವಳು ಬರಬಹುದು. ಈಗೆಲ್ಲ ಹೆಚ್ಚಿನ ಕಡೆ ಕಳಿಸ್ತಾರಂತೆ. ಆದ್ರೆ ಬರಬೇಕಾ ಬೇಡವಾ ಅಂತ ತೀರ್ಮಾನ ಮಾಡುವುದು ಅವಳೊಬ್ಬಳೇ ಅಲ್ಲ. ವ್ರತ ಅಂದ್ರೆ ಅದೇ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಷ್ಟನ್ನು ಯಾರಾದ್ರೂ ಮೊದಲೇ ಹೇಳಬಹುದಿತ್ತು," ಅಂದರು. ಆಮೇಲೆ ಕನ್ನಡಕ ಹಾಕಿಕೊಂಡು ಫೋನ್ ತೆಗೆದು, ನನ್ನ ನಂಬರ್ ಹೇಳಿಸಿಕೊಂಡು ಸೇವ್ ಮಾಡಿದರು. ಹುಷಾರಿಲ್ಲದಿದ್ದರೆ ನನಗೂ ಒಂದು ಫೋನ್ ಮಾಡ್ತಾರಂತೆ.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ, ಗೆಳೆಯರಲ್ಲಿ ಯಾರಾದರೂ ಈ ದಾರಿ ಹಿಡಿದಿದ್ದರೆ ನಮಗೆ ವಾಯ್ಸ್ ಮೆಸೇಜ್ ಕಳಿಸಿ. ಬಿಟ್ಟು ಬಂದವರಿದ್ದರೂ ಕಳಿಸಿ, ಹೆಸರು ಹೇಳಬೇಕಂತಿಲ್ಲ. ಮುಂದಿನ ವಾರ ಸಿಗೋಣ.